ಏರಿನಲ್ಲಿ ಎಳೆತ ಹೋಗುವ ಪದ್ಮಿನಿ

ಪ್ರಶ್ನೆ: ನನ್ನ ಪ್ರೀಮಿಯರ್ ಪದ್ಮಿನಿಯ ಹಳೆಯ ಸೋಲೆಕ್ಸ್ ಕಾರ್ಬುರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ತೆಗೆಸಿ ಮಾರುತಿ 800ರ ಕಾರ್ಬುರೇಟರ್ ಹಾಕಿಸಿದ್ದೇನೆ. ಸ್ಟಾರ್ಟಿಂಗ್, ಐಡ್ಲಿಂಗ್ ಚೆನ್ನಾಗಿದೆ. ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ಅರ್ಧದಲ್ಲಿ ಎಳೆತ ಹೋಗಿ ನಿಲ್ಲುತ್ತದೆ. ಎರಡು ನಿಮಿಷ ಬಿಟ್ಟರೆ ಮತ್ತೆ ಸರಿ. ಜೆಟ್ (ಕಾರ್ಬುರೇಟರಿನೊಳಗೆ ಪೆಟ್ರೋಲ್ ಹರಿಯುವ ತೂತು) ದೊಡ್ಡದು ಮಾಡಿಸಬೇಕೆ?
– ಓದುಗರು, ಉಡುಪಿ

ಉತ್ತರ: ಸದ್ಯಕ್ಕೆ ಜೆಟ್ ಮುಟ್ಟಿಸಬೇಡಿ. ಜೆಟ್ ಸಣ್ಣದಾಗಿದ್ದರೆ ಎಕ್ಸಲೇಟರ್ ಒತ್ತಿದ ಕೂಡಲೇ ಗಾಡಿ ಸೊರಗಬೇಕಿತ್ತು. ಸ್ವಲ್ಪ ದೂರ ಚೆನ್ನಾಗಿ ಎಳೆದು ಆಮೇಲೆ ನಿಲ್ಲುವುದು ಬೌಲ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಖಾಲಿಯಾಗುವ ಲಕ್ಷಣ.

ಮುಂದಿನ ಸಲ ಎಳೆತ ಹೋದಾಗ ಬದಿಗೆ ಹಾಕಿ ತಕ್ಷಣ ಆಫ್ ಮಾಡಿ. ಐಡ್ಲಿಂಗಿನಲ್ಲಿ ಬಿಟ್ಟರೆ ಬೌಲ್ ತುಂಬಿಕೊಂಡು ಸಾಕ್ಷಿ ಅಳಿಸಿಹೋಗುತ್ತದೆ. ಬೌಲಿನ ಗಾಜಿನ ಕಿಟಕಿಯಲ್ಲಿ ಪೆಟ್ರೋಲ್ ನಡುವಿನ ಗುರುತಿನ ಹತ್ತಿರ ಇದೆಯೇ ನೋಡಿ. ಇದ್ದರೆ ತಪ್ಪು ಬೇರೆ ಕಡೆ: ಪ್ಲಗ್ಗಿನ ಕಿಡಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಬಿಸಿಯಾದರೆ ಅದು ಕೂಡ ಹೀಗೇ ಕೈಕೊಡುತ್ತದೆ. ಕಾರ್ಬುರೇಟರ್ ಬದಲಿಸುವಾಗ ಹೋಸ್ ಸಿಕ್ಕಿಸುವ, ಬೇಡದ ನಿಪ್ಪಲ್‌ಗಳಿಗೆಲ್ಲ ಬೂಚು ಹಾಕುವ ಅಭ್ಯಾಸವಿದೆ. ಬಳಸದ ವ್ಯಾಕ್ಯೂಮ್ ನಿಪ್ಪಲ್ (ಎಂಜಿನ್ ಗಾಳಿ ಹೀರುವ ಕಡೆಯದು) ಮುಚ್ಚಲೇಬೇಕು, ಆದರೆ ಬೌಲ್ ಉಸಿರಾಡುವ ನಿಪ್ಪಲ್ ಮುಚ್ಚಿದರೆ ಪೆಟ್ರೋಲಿನ ಲೆಕ್ಕವೇ ತಪ್ಪುತ್ತದೆ.

ಬೌಲ್ ಖಾಲಿಯಿದ್ದರೆ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. 'ಉಸ್' ಎಂದು ಗಾಳಿ ಒಳಗೆ ಎಳೆದುಕೊಂಡರೆ ಗಾಳಿ ತೂತು ಕಟ್ಟಿದೆ ಎಂದರ್ಥ. ಎರಡು ನಿಮಿಷದಲ್ಲಿ ತಾನಾಗಿ ಸರಿಹೋಗುವುದಕ್ಕೆ ಇದೂ ಕಾರಣವಾಗಬಹುದು, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನಿನ ಹೊಗೆ ಹೊರಹೋಗುವ ಬಿಸಿ ಕೊಳವೆ) ಪಕ್ಕ ಹೋಗಿರುವ ಹೋಸಿನಲ್ಲಿ ಪೆಟ್ರೋಲ್ ಆವಿಯಾಗುವುದೂ ಆಗಬಹುದು.

ಆಮೇಲೆ ಪಂಪ್. ಎಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಕಾಯಿಲಿಗೆ ಬರುವ ವೈರ್ ಬಿಚ್ಚಿಟ್ಟು, ಕಾರ್ಬುರೇಟರಿನ ಹೋಸನ್ನು ಬಾಟಲಿಗೆ ಇಳಿಸಿ 15 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪೂರ್ತಿ ಎಕ್ಸಲೇಟರಿನಲ್ಲಿ ಈ 1089 ಸಿಸಿ ಎಂಜಿನಿಗೆ ನಿಮಿಷಕ್ಕೆ ಸುಮಾರು 200 ಮಿ.ಲೀ. ಬೇಕು, ಬಾಟಲಿಯಲ್ಲಿ 50 ಮಿ.ಲೀ. ಆದರೂ ಸಿಗಬೇಕು. ಕಡಿಮೆ ಬಂದರೆ ಪಂಪಿನ ಹೀರುವ ಹೋಸನ್ನು ಪೆಟ್ರೋಲ್ ಇರುವ ಪುಟ್ಟ ಕ್ಯಾನಿಗೆ ಇಳಿಸಿ ಮತ್ತೆ ನೋಡಿ. ಈಗ ಧಾರೆ ತುಂಬಿ ಬಂದರೆ ಪಂಪ್ ಸರಿ, ತೊಂದರೆ ಟ್ಯಾಂಕಿನ ಕಡೆ. ಆಗಲೂ ಬಾರದಿದ್ದರೆ ಪಂಪಿನೊಳಗಿನ ಡಯಾಫ್ರಾಮ್ (ಪೆಟ್ರೋಲ್ ಎಳೆಯುವ ಪರದೆ), ವಾಲ್ವ್ ನೋಡಿಸಿ. ಪಂಪಿನ ಅಡಿಗೆ ಪ್ಯಾಕಿಂಗ್ ದಪ್ಪವಾದರೂ ಸ್ಟ್ರೋಕ್ ಕಡಿಮೆಯಾಗುತ್ತದೆ.

ಟ್ಯಾಂಕಿನಿಂದ ಪಂಪಿನವರೆಗಿನ ಹೋಸ್ ಬಿರಿದರೆ ಎಂಜಿನ್ ಓಡುವಾಗ ಹೊರಗೆ ಒಂದು ಹನಿಯೂ ಕಾಣದು, ಒಳಗೆ ಗಾಳಿ ಹೀರುತ್ತದೆ. ಹಾಗಾಗಿ ಹೊರಗೆ ಒಣಗಿದೆಯೆಂದು ಹೋಸ್ ಸರಿಯಿದೆಯೆಂದು ನಂಬಬೇಡಿ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೆಯ ರಬ್ಬರ್ ತಾಳದು. ಎಸ್‌ಎಇ ಜೆ30 ಆರ್9 ಎಂದು ಅಚ್ಚಾದ ಹೋಸ್ ಹಾಕಿಸಿ. ನಮ್ಮ ಕರಾವಳಿಯ ತೇವಕ್ಕೆ ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ. ಫಿಲ್ಟರಿನಲ್ಲಿ ಕೆಂಪು ಪುಡಿ ಕಂಡರೆ ಟ್ಯಾಂಕ್ ಇಳಿಸಿ ತೊಳೆಸದೆ ಬೇರೆ ದಾರಿಯಿಲ್ಲ.

ಇಷ್ಟಾದ ಮೇಲೂ ಏರಿನಲ್ಲಿ ಬಲ ಸಾಲದೆ, ಪ್ಲಗ್ ಬಿಳಿಚಿಕೊಂಡಿದ್ದರೆ (ಪೆಟ್ರೋಲ್ ಸಾಲದ ಗುರುತು) ಜೆಟ್ ಒಂದು ಸೈಜ್ ಏರಿಸಿ. ಆ ಕಾರ್ಬುರೇಟರ್ ನಿಮ್ಮದಕ್ಕಿಂತ ಸಣ್ಣ, 796 ಸಿಸಿ ಎಂಜಿನಿಗೆ ಮಾಡಿದ್ದು.

ಪ್ರಶ್ನೆ: ಅಂಬಾಸಿಡರಿಗೆ ಎಲೆಕ್ಟ್ರಿಕ್ ಪಂಪ್ ಹಾಕಿದ ಮೇಲೆ ಕಾರ್ಬುರೇಟರ್ ಉಕ್ಕುತ್ತಿದೆ. ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ನೀಡಲ್ ಹೊಸದೇ ಹಾಕಿದ್ದೇನೆ.
– ಓದುಗರು, ಮಂಗಳೂರು

ಉತ್ತರ: ಇಂಜೆಕ್ಷನ್ ಕಾರಿನ (ಕಾರ್ಬುರೇಟರ್ ಇಲ್ಲದ ಕಾರಿನ) ಪಂಪ್ ಆಗಿದ್ದರೆ ಇವತ್ತೇ ಬಿಚ್ಚಿಸಿ, ಅದರ ಒತ್ತಡ 40 ಪಿಎಸ್‌ಐ ಆಸುಪಾಸು. ಫ್ಲೋಟ್ ನೀಡಲ್ ತಡೆಯುವುದು 2ರಿಂದ 4 ಪಿಎಸ್‌ಐ ಮಾತ್ರ. ಉಕ್ಕಿದ ಪೆಟ್ರೋಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ.