ಎಫ್‌ಸಿ ಗೋವಾ, ಮುಂಬೈ ಸಿಟಿಯಂಥ ಫುಟ್‌ಬಾಲ್ ತಂಡಗಳು ಸ್ವಂತ ಸ್ಟೇಡಿಯಂ ಯಾಕೆ ಕಟ್ಟುವುದಿಲ್ಲ?

ಮುಖ್ಯ ಕಾರಣ ಲೆಕ್ಕಾಚಾರ. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್, ದೇಶದ ಫುಟ್‌ಬಾಲ್ ಲೀಗ್) ತಂಡ ಒಂದು ಸೀಸನ್‌ನಲ್ಲಿ ತವರಿನಲ್ಲಿ ಆಡುವ ಪಂದ್ಯಗಳು ಹೆಚ್ಚೆಂದರೆ ಹನ್ನೆರಡು ಹದಿಮೂರು. ಉಳಿದ ದಿನ ಮೈದಾನ ಖಾಲಿ. ಆದರೂ ಹುಲ್ಲು, ಲೈಟು, ಕಾವಲಿನ ಖರ್ಚು ನಿಲ್ಲುವುದಿಲ್ಲ. ಅದರ ಮೇಲೆ ಮುಂಬೈಯ ಜಾಗದ ಬೆಲೆ! ಅಲ್ಲಿ ಮನೆ ಹುಡುಕಿದ ಯಾವ ಕನ್ನಡಿಗನಿಗೂ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಬಾಡಿಗೆಯೇ ಗತಿ. ಗೋವಾ ತಂಡ ಆಡುವ ಮಡಗಾಂವದ ಫತೋರ್ಡಾ ಸ್ಟೇಡಿಯಂ ಸರ್ಕಾರದ್ದು. ಅಲ್ಲಿ ಹಿಂದೆ ಏಕದಿನ ಕ್ರಿಕೆಟ್ ಕೂಡ ನಡೆದಿದೆ. ಮುಂಬೈ ಸಿಟಿ ಮೊದಲು ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರಿಕೆಟ್ ಸ್ಟೇಡಿಯಂನಲ್ಲಿತ್ತು, 2016ರಲ್ಲಿ ಅಂಧೇರಿಯ ಚಿಕ್ಕ ಮೈದಾನಕ್ಕೆ ಬಂತು. ನನ್ನ ಪ್ರಕಾರ ಅದು ಜಾಣತನ. ಫುಟ್‌ಬಾಲ್ ಮೈದಾನ ಸಾಮಾನ್ಯವಾಗಿ 105 ಮೀಟರ್ ಉದ್ದ, 68 ಮೀಟರ್ ಅಗಲ. ಕ್ರಿಕೆಟ್ ಅಂಗಳದಲ್ಲೋ, ಸುತ್ತ 400 ಮೀಟರ್ ಓಟದ ಟ್ರ್ಯಾಕ್ ಇರುವ ಕಡೆಯೋ ಕೂತರೆ ಆಟ ದೂರವಾಗುತ್ತದೆ, ಕೂಗಿನ ಬಿಸಿ ಆಟಗಾರರಿಗೆ ತಟ್ಟುವುದಿಲ್ಲ. ಪುಣೆಯ ಬಾಲೇವಾಡಿಯಲ್ಲಿ, ನಮ್ಮ ಬೆಂಗಳೂರಿನ ಕಂಠೀರವದಲ್ಲಿ ಇದೇ ತೊಂದರೆ.

ಇಟಲಿಯ ಫುಟ್‌ಬಾಲ್ ಕ್ಲಬ್ ಯುವೆಂಟಸ್ ಇದನ್ನೇ ಸರಿ ಮಾಡಿತು. ಟ್ರ್ಯಾಕ್ ಇದ್ದ ಹಳೆಯ ದೊಡ್ಡ ಸ್ಟೇಡಿಯಂ ಕೆಡವಿ, 2011ರಲ್ಲಿ ಸುಮಾರು 41,000 ಸೀಟಿನ ಸ್ವಂತದ್ದನ್ನು ಕಟ್ಟಿತು. ಸೀಟು ಕಡಿಮೆಯಾದರೂ ಟಿಕೆಟ್, ಅಂಗಡಿ, ಮ್ಯೂಸಿಯಂ ಎಲ್ಲದರ ದುಡ್ಡೂ ಕ್ಲಬ್ಬಿಗೇ.

ನಮ್ಮಲ್ಲಿ ಸುಮ್ನೆ ಅದನ್ನೇ ನಕಲು ಮಾಡಿದರೆ ಕೈ ಸುಡುತ್ತದೆ. ಎಫ್‌ಸಿ ಪುಣೆ ಸಿಟಿ 2019ರಲ್ಲೇ ಬಾಗಿಲು ಹಾಕಿತು, ಅಲ್ವಾ? ಅದು ಸ್ಟೇಡಿಯಂ ಕಟ್ಟಿದ್ದರೆ ಈಗ ಯಾರು ನೋಡಿಕೊಳ್ಳಬೇಕಿತ್ತು? ಸದ್ಯಕ್ಕೆ ಸರ್ಕಾರಿ ಮೈದಾನವನ್ನೇ ದೀರ್ಘಾವಧಿ ಲೀಸ್‌ಗೆ ಪಡೆದು, ಹತ್ತು ಹದಿನೈದು ಸಾವಿರ ಸೀಟಿಗೆ ಸಜ್ಜು ಮಾಡಿಕೊಳ್ಳುವುದೇ ವಾಸಿ.