ರ‍್ಯಾಪ್ ತಂಡ ಬಿಟ್ಟು ಒಬ್ಬನೇ ಮೊದಲ ಆಲ್ಬಂ ಮಾಡುವಾಗ ತಂಡದ ಹಾಡುಗಳನ್ನು ಬಳಸಬಹುದೇ?

ತೀರ್ಥಹಳ್ಳಿಯ ಗೆಳೆಯರ ತಂಡ ಬಿಟ್ಟು ಶಿವಮೊಗ್ಗಕ್ಕೆ ಬಂದಿದ್ದೀರಿ. ಸಾಹಿತ್ಯ ನಿಮ್ಮದು, ಬೀಟ್, ಅಂದರೆ ಸಾಲುಗಳ ಹಿಂದಿನ ಸಂಗೀತ, ಗೆಳೆಯನದು ಎಂದಿದ್ದೀರಿ. 1957ರ ಕೃತಿಸ್ವಾಮ್ಯ ಕಾಯ್ದೆ ಸಾಹಿತ್ಯವನ್ನೂ ಸಂಗೀತವನ್ನೂ ಬೇರೆ ಬೇರೆ ಕೃತಿಗಳೆಂದೇ ಪರಿಗಣಿಸುತ್ತದೆ. ಯಾರಿಗೂ ಹಕ್ಕು ಬರೆದುಕೊಟ್ಟಿಲ್ಲವಾದರೆ ಸಾಲುಗಳು ನಿಮ್ಮವೇ. ಬೀಟ್‌ಗೂ ಹಳೆಯ ಧ್ವನಿಮುದ್ರಣಕ್ಕೂ ಲಿಖಿತ ಒಪ್ಪಿಗೆ ಬೇಕು; ಚಹಾದಂಗಡಿಯಲ್ಲಿ ‘ಆಯಿತು ಮಾರಾಯ’ ಎಂದದ್ದು ಸಾಲದು.

ನನ್ನನ್ನು ಕೇಳಿದರೆ ಹಳೆಯದನ್ನು ಮುಟ್ಟಲೇಬೇಡಿ. ಅಮೆರಿಕದ ರ‍್ಯಾಪ್ ತಂಡ ಎನ್.ಡಬ್ಲ್ಯೂ.ಎ.ಯ ಬಹಳಷ್ಟು ಸಾಹಿತ್ಯ ಬರೆದ ಐಸ್ ಕ್ಯೂಬ್, ಹಣದ ಹಂಚಿಕೆಯ ತಕರಾರಿನಿಂದ 1989ರ ಕೊನೆಗೆ ಹೊರಬಂದ. ತಂಡಕ್ಕೆ ಬೀಟ್ ಕಟ್ಟುತ್ತಿದ್ದ ಡಾ. ಡ್ರೆಯ ಸಂಗೀತ ಅವನಿಗೆ ಸಿಗಲಿಲ್ಲ. ಲಾಸ್ ಏಂಜಲೀಸ್‌ನ ಹುಡುಗ ನ್ಯೂಯಾರ್ಕ್‌ಗೆ ಹೋಗಿ, ಪಬ್ಲಿಕ್ ಎನಿಮಿ ಎಂಬ ರ‍್ಯಾಪ್ ತಂಡಕ್ಕೆ ಸಂಗೀತ ಕಟ್ಟುತ್ತಿದ್ದ ಬಾಂಬ್ ಸ್ಕ್ವಾಡ್ ಬಳಗದ ಜೊತೆ ಕುಳಿತ. 1990ರ ಮೇ ತಿಂಗಳಲ್ಲಿ ಬಂದ ಆ ಮೊದಲ ಆಲ್ಬಂನ ಸದ್ದೇ ಬೇರೆ: ಗಿಜಿಗುಡುವ, ತುಂಡುತುಂಡು ಧ್ವನಿಗಳ ರಾಶಿ. ಸ್ವಾರಸ್ಯವೆಂದರೆ, ಅದರಲ್ಲಿ ಹಳೆಯ ಗೆಳೆಯರ ಮೇಲೆ ಹರಿಹಾಯಲಿಲ್ಲ. ಅವರು ಹಾಡಿನಲ್ಲಿ ಕೆಣಕಿದ ಮೇಲೆ, 1991ರ ಆಲ್ಬಂನಲ್ಲಿ ತೀರಿಸಿಕೊಂಡ.

ನಿಮ್ಮ ಆರು ಹಾಡುಗಳಲ್ಲಿ ಮೂರು ಗೆಳೆಯನನ್ನು ಬೈಯುವುದಕ್ಕೇ ಮೀಸಲು ಎಂದಿದ್ದೀರಲ್ಲ, ಒಂದು ಸಾಕು. ಅದೂ, ಹಳೆಯ ಬೀಟ್ ಬಳಸುವುದೇ ಆದರೆ, ಅದರ ಒಪ್ಪಿಗೆ ಕೈಸೇರಿದ ಮೇಲೆ.