ಬ್ರೈಟ್‌ನೆಸ್ ಎಲ್ಲಿ ಹೋಯ್ತು?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ ಸರ್. ಬೋಲ್ಟ್ ಥ್ರೆಡ್ ಸರಿಯಾಗಿ ಬಿದ್ದಿದ್ಯಾ ಅಂತ ನೋಡೋಕೆ ಯುಎಸ್‌ಬಿ ವೆಬ್‌ಕ್ಯಾಮ್ ಇಟ್ಟು ಪ್ರೋಗ್ರಾಂ ಬರ್ದಿದ್ದೆ, ಈಗ ಎಸ್.ಪಿ. ರೋಡಿಂದ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಅದರ ವಿ2 ಕ್ಯಾಮೆರಾ ತಂದು ಹಾಕಿದ್ರೆ ಬ್ರೈಟ್‌ನೆಸ್, ಆಟೋ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಒಂದೂ ಡ್ರೈವರ್ ಲಿಸ್ಟಲ್ಲಿ ಇಲ್ಲ. ಅಂಗಡಿಯವ್ರು ಡ್ರೈವರ್ ಹಾಳಾಗಿದೆ ಅಂತಾರೆ, ಎರಡು ಸಲ ಹಾಕಿ ನೋಡಾಯ್ತು.

ಉತ್ತರ: ಮೂರನೇ ಸಲ ಹಾಕ್ಬೇಡಿ, ಡ್ರೈವರ್ ಸರಿಯಾಗೇ ಇದೆ. ವೆಬ್‌ಕ್ಯಾಮ್ ಒಳಗೆ ಅದರದ್ದೇ ಪ್ರೊಸೆಸರ್ ಇರತ್ತೆ, ಬೆಳಕು ನೋಡೋದು ಬಣ್ಣ ತಿದ್ದೋದು ಎಲ್ಲಾ ಅಲ್ಲೇ ಮುಗಿಸಿ ಕಪ್ಪಿಗೆ ಸುರಿದ ಕಾಫಿ ಥರ ಕೊಡತ್ತೆ. ವಿ2 ಒಳಗಿರೋ ಐಎಮ್‌ಎಕ್ಸ್219 ಬರೀ ಸೆನ್ಸರು, ಡಿಕಾಕ್ಷನ್ ಅಷ್ಟೇ, ಹಾಲು ಸಕ್ಕರೆ ನೀವೇ ಹಾಕ್ಕೋಬೇಕು. ಸೆನ್ಸರ್‌ನಲ್ಲಿ ಇಲ್ಲದ್ದನ್ನ ಡ್ರೈವರ್ ಎಲ್ಲಿಂದ ತೋರ್ಸತ್ತೆ?

ಸೆನ್ಸರ್‌ಗೆ ಬೇರೆಯದೇ ಸಬ್‌ಡೆವ್ ನೋಡ್, ಅಂದ್ರೆ ಲಿನಕ್ಸಲ್ಲಿ ಅದರದ್ದೇ ಡಿವೈಸ್ ಫೈಲು ಇರತ್ತೆ, ಅದನ್ನ ತೋರಿಸಿ ಕ್ಯಾಮೆರಾ ಸೆಟ್ಟಿಂಗ್ ನೋಡೋ, ಬದಲಾಯಿಸೋ ವಿ4ಎಲ್2-ಸಿಟಿಎಲ್ ಕಮಾಂಡಲ್ಲಿ ಲಿಸ್ಟ್ ಕೇಳಿ. ಎಕ್ಸ್‌ಪೋಶರ್ (ಬೆಳಕು ಹಿಡಿಯೋ ಸಮಯ), ಅನಲಾಗ್ ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗಿಸೋದು), ವರ್ಟಿಕಲ್ ಬ್ಲಾಂಕಿಂಗ್ (ಫ್ರೇಮಿಗೆ ಸೇರಿಸೋ ಖಾಲಿ ಸಾಲು) ಇಂಥವು ಸಿಗತ್ವೆ, ಒಂದೊಂದಕ್ಕೂ ಮಿನಿಮಮ್, ಮ್ಯಾಕ್ಸಿಮಮ್, ಸ್ಟೆಪ್, ಡಿಫಾಲ್ಟ್. ಆದ್ರೆ ಅಳತೆ ಏನು ಅಂತ ಬರ್ದಿರಲ್ಲ, ಎಲ್ರೂ ಎಡವೋದು ಇಲ್ಲೇ. ವೆಬ್‌ಕ್ಯಾಮಲ್ಲಿ ಎಕ್ಸ್‌ಪೋಶರ್ 100 ಅಂದ್ರೆ 10 ಮಿಲಿಸೆಕೆಂಡ್, ಒಂದೊಂದು ಅಂಕಿ 100 ಮೈಕ್ರೋಸೆಕೆಂಡ್. ಇಲ್ಲಿ ಅಂಕಿ ಅಂದ್ರೆ ಸಾಲು, ಸೆನ್ಸರ್ ಚಿತ್ರದ ಒಂದು ಸಾಲು ಓದೋಕೆ ಹಿಡಿಯೋ ಸಮಯ. ಒಂದು ಸಾಲು 3448 ಪಿಕ್ಸೆಲ್‌ನಷ್ಟು ಉದ್ದ, ಸೆಕೆಂಡಿಗೆ 18.24 ಕೋಟಿ ಪಿಕ್ಸೆಲ್ ಲೆಕ್ಕದಲ್ಲಿ ಸುಮಾರು 18.9 ಮೈಕ್ರೋಸೆಕೆಂಡ್. ಅಂದ್ರೆ ಹಳೇ ಪ್ರೋಗ್ರಾಮಿನ 100 ಹಾಗೇ ಹಾಕಿದ್ರೆ 2 ಮಿಲಿಸೆಕೆಂಡೂ ಆಗಲ್ಲ, ಚಿತ್ರ ಕಪ್ಪಗೆ ಬರತ್ತೆ, ನೀವು ಮತ್ತೆ ಡ್ರೈವರ್‌ನ ಬೈತೀರಿ. 10 ಮಿಲಿಸೆಕೆಂಡಿಗೆ 529 ಹಾಕ್ಬೇಕು.

ಗೇನ್ ಇನ್ನೂ ವಿಚಿತ್ರ. 0ಯಿಂದ 232ರವರೆಗೆ ಇದೆ, 256ನ್ನ 256 ಮೈನಸ್ ಆ ಅಂಕಿಯಿಂದ ಭಾಗಿಸಿದ್ರೆ ಎಷ್ಟೋ ಅಷ್ಟು ಪಟ್ಟು. 128ಕ್ಕೆ 2 ಪಟ್ಟು, 232ಕ್ಕೆ ಒಂದೇ ಸಲ 10.67 ಪಟ್ಟು, ತುದೀಲಿ ಒಂದೊಂದು ಅಂಕಿಗೂ ನೆಗೆಯತ್ತೆ.

ಇನ್ನೊಂದು, 30 ಫ್ರೇಮ್ ವೇಗದಲ್ಲಿ ಒಂದು ಫ್ರೇಮಿಗೆ 1763 ಸಾಲು, ಅದಕ್ಕಿಂತ 4 ಕಮ್ಮಿವರೆಗೆ ಮಾತ್ರ ಎಕ್ಸ್‌ಪೋಶರ್ ಏರ್ಸಬಹುದು. 2000 ಕೊಟ್ರೆ ಎರರ್ ಬರಲ್ಲ, ತೆಪ್ಪಗೆ 1759ಕ್ಕೆ ಇಳಿಸ್ಕೊಳ್ಳತ್ತೆ, ಅದಕ್ಕೇ ಬರೆದ್ಮೇಲೆ ಒಂದ್ಸಲ ವಾಪಸ್ ಓದಿ ನೋಡಿ. ಜಾಸ್ತಿ ಬೇಕಂದ್ರೆ ಮೊದಲು ವರ್ಟಿಕಲ್ ಬ್ಲಾಂಕಿಂಗ್ ಏರ್ಸಿ, ಆಮೇಲೆ ಎಕ್ಸ್‌ಪೋಶರ್. ಫ್ರೇಮ್ ರೇಟ್ ಬೀಳತ್ತೆ, ಬೋಲ್ಟ್ ಅಲ್ಲಾಡದೆ ಕೂತಿರೋವಾಗ ಅದ್ರಿಂದ ನಷ್ಟ ಏನಿಲ್ಲ.

ಇಷ್ಟೆಲ್ಲಾ ಲೆಕ್ಕ ಯಾಕೆ ಅನ್ಸಿದ್ರೆ ಲಿಬ್‌ಕ್ಯಾಮೆರಾ ಅನ್ನೋ ಸಾಫ್ಟ್‌ವೇರ್ ಬಳಸಿ, ನಾನಾದ್ರೆ ಅದನ್ನೇ ಮಾಡ್ತೀನಿ. ಆಟೋ ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎಲ್ಲಾ ಪೈ ಕಡೆಯಿಂದ ಅದೇ ನೋಡ್ಕೊಳ್ಳತ್ತೆ, ಸಮಯ ಮೈಕ್ರೋಸೆಕೆಂಡಲ್ಲೇ ಕೊಡಬಹುದು, ಸಾಲಿಗೆ ತಾನೇ ಬದಲಾಯಿಸತ್ತೆ. ಅದು ಆಟೋದಲ್ಲಿ ಓಡ್ತಿರೋವಾಗ ಮಾತ್ರ ಪಕ್ಕದ ಟರ್ಮಿನಲ್‌ನಿಂದ ಕೈ ಹಾಕ್ಬೇಡಿ, ನೀವು ಬರೆದದ್ದನ್ನ ಅಳಿಸಿ ತನ್ನ ಅಂಕಿ ಬರೆದುಬಿಡತ್ತೆ. ಥ್ರೆಡ್ ಚೆಕ್ ಮಾಡೋಕೆ ಹೇಗೂ ಆಟೋ ಬೇಡ, ಎಕ್ಸ್‌ಪೋಶರ್ ಗೇನ್ ಎರಡನ್ನೂ ಫಿಕ್ಸ್ ಮಾಡಿ.

ಪ್ರಶ್ನೆ: ಮಲ್ಲೇಶ್ವರದ ಮನೇಲಿ ಆನ್‌ಲೈನ್ ಪಾಠ ಮಾಡ್ತೀನಿ. ಟ್ಯೂಬ್‌ಲೈಟ್ ಹಾಕಿದ್ರೆ ವೆಬ್‌ಕ್ಯಾಮಲ್ಲಿ ಅಡ್ಡ ಪಟ್ಟೆ ಓಡತ್ತೆ. ಲಿನಕ್ಸ್ ಲ್ಯಾಪ್‌ಟಾಪು.

ಉತ್ತರ: ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗತ್ತೆ. ಅದೇ ವಿ4ಎಲ್2-ಸಿಟಿಎಲ್ ಲಿಸ್ಟಲ್ಲಿ ಪವರ್ ಲೈನ್ ಫ್ರೀಕ್ವೆನ್ಸಿ ಅಂತ ಇದ್ರೆ ನೋಡಿ ಮೇಡಂ, 2 ಅಂತಿದ್ರೆ ಅದು 60 ಹರ್ಟ್ಸ್, 1 ಮಾಡಿ. ಆಗ್ಲೂ ಹೋಗ್ಲಿಲ್ಲ ಅಂದ್ರೆ ಎಕ್ಸ್‌ಪೋಶರ್‌ನ 100 ಇಲ್ಲಾ 200ಕ್ಕೆ ನಿಲ್ಸಿ, ಅಂದ್ರೆ 10 ಇಲ್ಲಾ 20 ಮಿಲಿಸೆಕೆಂಡ್, ಸರಿಯಾಗಿ ಒಂದು ಇಲ್ಲಾ ಎರಡು ಮಿನುಗು. ಅದರ ಸಾಲಿನ ಕೊನೇಲಿ ಇನಾಕ್ಟಿವ್ ಅಂತಿದ್ರೆ ಆಟೋ ಇನ್ನೂ ಆನ್ ಇದೆ ಅಂತ, ಮೊದಲು ಆಟೋ ಎಕ್ಸ್‌ಪೋಶರ್‌ಗೆ 1 ಕೊಟ್ಟು ಮ್ಯಾನ್ಯುಯಲ್ ಮಾಡ್ಕೊಳ್ಳಿ. ವೈರ್ ಕಿತ್ತು ಮತ್ತೆ ಚುಚ್ಚಿದ್ರೆ ಇದೆಲ್ಲಾ ಹಳೇದಕ್ಕೆ ಹೋಗಬಹುದು, ಆ ಎರಡು ಮೂರು ಕಮಾಂಡ್ ಒಂದು ಸ್ಕ್ರಿಪ್ಟಲ್ಲಿ ಬರ್ದಿಟ್ಟು ಕ್ಲಾಸಿಗೆ ಮುಂಚೆ ಓಡಿಸಿ.